ಮೇಜಿನ ಆ ಕಡೆ

ಮಾರ್ಚ್ ೩, ಸೋಮವಾರ

ಮೇಷ್ಟ್ರು ಬಿದ್ದರು. ಸೆಟ್ಟಿನಲ್ಲಲ್ಲ, ಏಣಿ ಮೇಲಿಂದಲೂ ಅಲ್ಲ, ತಮ್ಮದೇ ಬಚ್ಚಲುಮನೆಯಲ್ಲಿ. ಸೊಂಟದ ಮೂಳೆ ಮುರಿದಿದೆ. ನಾನು ಆಸ್ಪತ್ರೆಗೆ ಹೋಗುವಷ್ಟರಲ್ಲಿ ನಿರ್ಮಾಪಕರು ಮಂಚದ ಪಕ್ಕದ ಒಂದೇ ಒಂದು ಕುರ್ಚಿಯಲ್ಲಿ ಕೂತಾಗಿತ್ತು. ನಾನು ಮೇಷ್ಟ್ರ ಕಾಲ ಬಳಿ ನಿಂತೆ.

ಯಾರು ಎಲ್ಲಿ ಕೂತರು, ಎಲ್ಲಿ ನಿಂತರು ಎಂದು ನೋಡುವುದು ನನ್ನ ಕಸುಬು, ಈಗೀಗ ಚಟ. ನಟರು ಯಾವ ಮಾತಿಗೆ ಎಲ್ಲಿಂದ ಎಲ್ಲಿಗೆ ನಡೆಯಬೇಕು, ಎಲ್ಲಿ ನಿಲ್ಲಬೇಕು ಎಂದು ಹತ್ತೊಂಬತ್ತು ವರ್ಷಗಳಿಂದ ನಮ್ಮ ನಿರ್ದೇಶಕರಾದ ಮೇಷ್ಟ್ರ ಸಿನಿಮಾಗಳಲ್ಲಿ ನೆಲಕ್ಕೆ ಬಣ್ಣದ ಟೇಪು ಅಂಟಿಸುತ್ತಾ ಬಂದಿದ್ದೇನೆ. ಟೇಪಿನ ಸುರುಳಿಗಳನ್ನು ಬಳೆಯ ಹಾಗೆ ಕೈಗೆ ಏರಿಸಿಕೊಂಡಿರುತ್ತೇನೆಂದು ಎಲ್ಲರೂ ಟೇಪಮ್ಮ ಎನ್ನುತ್ತಾರೆ. ಪರದೆ ಮೇಲೆ ‘ಸಹ ನಿರ್ದೇಶಕಿ’ ಎಂದು ನನ್ನ ಹೆಸರು ಬರುತ್ತದೆ, ಜನ ಎದ್ದು ಕಾಲಿನಿಂದ ಚಪ್ಪಲಿ ಹುಡುಕುವ ಹೊತ್ತಿಗೆ.

ಈ ಸಿನಿಮಾದಲ್ಲಿ ತೆಗೆಯಲು ಉಳಿದಿರುವುದು ಒಂದೇ ದೃಶ್ಯ. ಅದರ ಜೀವವೇ ಅಲ್ಲಿದೆ. ಇಸ್ತ್ರಿ ಅಂಗಡಿ ನಡೆಸುವ ತಾಯಿ. ಏಳು ವರ್ಷದ ಹಿಂದೆ ಹೇಳದೆ ಕೇಳದೆ ಹೋದ ಮಗ, ಅಪ್ಪ ಸತ್ತಾಗಲೂ ಬಾರದವನು, ಒಂದು ಸಂಜೆ ಅಂಗಡಿ ಬಾಗಿಲಲ್ಲಿ ಬಂದು ನಿಲ್ಲುತ್ತಾನೆ. ಇಬ್ಬರ ನಡುವೆ ಇಸ್ತ್ರಿ ಮೇಜು. ಒಟ್ಟು ಐದು ಮಾತು, ಆರು ನಿಮಿಷ, ಒಂದೇ ಶಾಟ್, ನಡುವೆ ಎಲ್ಲೂ ಕತ್ತರಿ ಇಲ್ಲ. ಮೇಷ್ಟ್ರು ಬರೆದ ಕೊನೆಯ ಸಾಲು: ‘ಇಬ್ಬರೂ ಹತ್ತಿರವಾಗುತ್ತಾರೆ.’ ಮೇಜು ಸುತ್ತಿ ಯಾರು ಯಾರ ಕಡೆಗೆ ಹೋಗಬೇಕು ಎಂಬುದನ್ನು ಬರೆದಿಲ್ಲ.

“ಹದಿಮೂರರ ರಾತ್ರಿಗೆ ಸ್ಟುಡಿಯೋ ಬಿಟ್ಟುಕೊಡ್ಬೇಕು,” ಎಂದರು ನಿರ್ಮಾಪಕರು. “ಬೇರೆ ನಿರ್ದೇಶಕರೊಬ್ಬರನ್ನ ಕೇಳಿದೀನಿ. ಎರಡು ಕ್ಯಾಮೆರಾ ಇಟ್ಟು, ಅವರ ಮುಖ ಒಂದ್ಸಲ, ಇವರ ಮುಖ ಒಂದ್ಸಲ ತೆಗೆದು, ಅರ್ಧ ದಿನದಲ್ಲಿ ಮುಗಿಸಿಕೊಡ್ತಾರಂತೆ.”

ಮೇಷ್ಟ್ರು ಕಣ್ಣು ಮುಚ್ಚಿಕೊಂಡೇ, “ಅವಳು ತೆಗೀತಾಳೆ,” ಎಂದರು.

“ಯಾರು, ಟೇಪಮ್ಮನಾ?”

“ಹನ್ನೆರಡನೇ ತಾರೀಕು ನನಗೆ ಕೊಡಿ ಸಾರ್,” ಎಂದೆ. “ಸಂಜೆಯೊಳಗೆ ಒಂದೇ ಶಾಟಲ್ಲಿ ಮುಗಿಸ್ತೀನಿ. ಆಗದೇ ಹೋದ್ರೆ ಹದಿಮೂರಕ್ಕೆ ಅವರನ್ನೇ ಕರೆಸಿ.” ಬಾಯಿ ನನ್ನನ್ನು ಕೇಳದೆ ಹೇಳಿಬಿಟ್ಟಿತ್ತು. ಹೇಳಿದ ಮೇಲೆ ಮುಗಿಯಿತು, ಮಾಡುವುದೇ.

ಮನೆಗೆ ಬಂದು ಅತ್ತೆಯವರಿಗೆ ಹೇಳಿದೆ. “ಹೌದಾ? ಕೈ ತೊಳ್ಕೊಂಡು ಬಾ, ಆರಿಹೋಗುತ್ತೆ,” ಎಂದರು.

ಮಾರ್ಚ್ ೪, ಮಂಗಳವಾರ

ಸೆಟ್ಟಿನ ನಕ್ಷೆ ತಂದು ಊಟದ ಮೇಜಿನ ಮೇಲೆ ಹರಡಿದೆ. ಮನೆಯಲ್ಲಿ ಇರುವುದು ಇದೊಂದೇ ಮೇಜು, ಮೂರು ಕುರ್ಚಿ. ಕಿಟಕಿ ಕಡೆಯದು ನನ್ನದು. ನನ್ನೆದುರಿಗೆ, ಬಾಗಿಲ ಕಡೆಯದು ಅತ್ತೆಯವರದು. ನನ್ನ ಪಕ್ಕದ ಮೂರನೆಯದು ಅವರ ಮಗನದಾಗಿತ್ತು. ಅವರ ಮಗ ಇನ್ನೊಂದು ಊರಲ್ಲಿ ಇನ್ನೊಂದು ಸಂಸಾರ ಹೂಡಿ ನಾಲ್ಕು ವರ್ಷವಾಯಿತು. ಹೋಗುವಾಗ ಬಟ್ಟೆ, ರೇಡಿಯೋ, ಗೋಡೆ ಗಡಿಯಾರ ಎಲ್ಲ ನೆನಪಿಟ್ಟು ತೆಗೆದುಕೊಂಡು ಹೋದ, ತಾಯಿಯನ್ನು ಮರೆತ. ಮುಂದೇನು ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ, ಹಾಗೇ ಇಬ್ಬರೂ ಒಂದೇ ಮನೆಯಲ್ಲಿ ಉಳಿದುಬಿಟ್ಟೆವು. ಆ ಕುರ್ಚಿ ಮೇಲೆ ಈಗ ನನ್ನ ಕಾಗದಗಳ ರಾಶಿ, ಟೇಪಿನ ಡಬ್ಬಿ.

ಅತ್ತೆಯವರು ದೊಡ್ಡ ವಿಷಯವನ್ನು ಮುಖ ಕೊಟ್ಟು ಹೇಳುವವರೇ ಅಲ್ಲ. ತರಕಾರಿ ಹುಳುಕಾಗಿದ್ದರೆ ಕಣ್ಣೆದುರಿಗೇ ತಂದು ಹಿಡಿಯುತ್ತಾರೆ. ಹೋದ ವರ್ಷ ಎದೆನೋವು ಬಂದದ್ದನ್ನು ಮಾತ್ರ ಪಾತ್ರೆ ತೊಳೆಯುತ್ತಾ, ನನಗೆ ಬೆನ್ನು ಮಾಡಿ, ನಲ್ಲಿಗೆ ಹೇಳಿದರು. ಇವತ್ತೂ ಹಾಗೇ.

“ಅವನು ಫೋನ್ ಮಾಡಿದ್ದ. ಹದಿನಾರನೇ ತಾರೀಕು, ಭಾನುವಾರ, ಬರ್ತಾನಂತೆ. ನನ್ನನ್ನ ಕರ್ಕೊಂಡು ಹೋಗೋಕೆ.”

“ಏನಂತೆ ಈಗ?”

“ಮಗು ಇದೆಯಲ್ಲ. ಇಬ್ಬರೂ ಕೆಲಸಕ್ಕೆ ಹೋಗ್ತಾರೆ. ನೋಡ್ಕೊಳ್ಳೋಕೆ ಯಾರಾದ್ರೂ ಬೇಕಂತೆ.”

“ಸರಿ,” ಎಂದೆ.

ನಲ್ಲಿ ನಿಂತಿತು. ಆಮೇಲೆ ಮತ್ತೆ ಬಿಟ್ಟುಕೊಂಡು, ತೊಳೆದಿಟ್ಟ ತಟ್ಟೆಯನ್ನೇ ಇನ್ನೊಂದು ಸಲ ತೊಳೆದರು.

ಒಳ್ಳೆಯದೇ ಆಯಿತು. ಒಳಕೋಣೆ ಖಾಲಿಯಾದರೆ ನಕ್ಷೆ ಹರಡಲು ನನ್ನದೇ ಜಾಗವಾಗುತ್ತದೆ. ಅತ್ತೆಯವರಿಗೂ ಮೊಮ್ಮಗು ಆಡಿಸುವ ವಯಸ್ಸು. ಇದರಲ್ಲಿ ಯೋಚಿಸುವುದಕ್ಕೆ ಏನಿದೆ.

ಮಾರ್ಚ್ ೬, ಗುರುವಾರ

ಸೆಟ್ಟಿಗೆ ಇನ್ನೂ ಬಣ್ಣ ಬಳಿಯುತ್ತಿದ್ದಾರೆ. ಹಾಗಾಗಿ ಒಂದು ಗೋದಾಮಿನ ಮಹಡಿಯಲ್ಲಿ ತಾಲೀಮು. ಬೆಳಿಗ್ಗೆ ಏಳಕ್ಕೇ ಹೋಗಿ ನಕ್ಷೆ ನೋಡಿಕೊಂಡು ನೆಲದ ಮೇಲೆ ಇಡೀ ಅಂಗಡಿಯನ್ನು ಟೇಪಿನಲ್ಲಿ ಕಟ್ಟಿದೆ. ಗೋಡೆ, ಬಾಗಿಲು, ಮೇಜು. ತಾಯಿಗೆ ಕೆಂಪು ಗುರುತು, ಮಗನಿಗೆ ನೀಲಿ, ಕ್ಯಾಮೆರಾಕ್ಕೆ ಹಳದಿ. ಪ್ರತಿ ಸಲ ಸೆಟ್ ಕಟ್ಟುವ ಬಡಗಿಗೆ ಒಂದು ಫೋನ್ ಹಾಕಿ ಖಾತ್ರಿ ಮಾಡಿಕೊಳ್ಳುವ ರೂಢಿ. ಇವತ್ತು ಮಾಡಲಿಲ್ಲ. ನಿರ್ದೇಶಕಿಯಾದವಳು ಸಣ್ಣಪುಟ್ಟದ್ದಕ್ಕೆಲ್ಲ ಯಾರನ್ನೋ ಕೇಳುತ್ತಾ ಕೂರಬೇಕೇ?

ತಾಯಿಯ ಪಾತ್ರ ಮಾಡುವವರನ್ನು ನಾವೆಲ್ಲ ರಾಣಿಯವರು ಎನ್ನುತ್ತೇವೆ, ಅವರ ಬೆನ್ನ ಹಿಂದೆ. ಬೆನ್ನ ಹಿಂದೆ ಎಂದದ್ದು ಸರಿಯಾಗಿಯೇ ಇದೆ, ಏಕೆಂದರೆ ಆ ಬೆನ್ನನ್ನು ಇದುವರೆಗೆ ಯಾವ ಕ್ಯಾಮೆರಾವೂ ಕಂಡಿಲ್ಲ. ನಲವತ್ತು ವರ್ಷದಲ್ಲಿ ಒಂದು ಸಲವೂ ಕ್ಯಾಮೆರಾಕ್ಕೆ ಬೆನ್ನು ಕೊಟ್ಟವರಲ್ಲ.

“ಜನ ಬರೋದು ನನ್ನ ಮುಖ ನೋಡೋಕೆ ಟೇಪಮ್ಮಾ. ನನ್ನ ತುರುಬು ನೋಡೋಕಲ್ಲ,” ಎಂದು ಮೊದಲೇ ಎಚ್ಚರಿಸಿದರು.

ನಾನು ಹಾಕಿದ ಲೆಕ್ಕದಲ್ಲಿ ಅವರಿಗೆ ದೂರು ಇರಲಿಲ್ಲ. ಕ್ಯಾಮೆರಾ ಬಾಗಿಲ ಬಳಿ. ಬಾಗಿಲಲ್ಲಿ ಮಗ, ನಮಗೆ ಬೆನ್ನು ಮಾಡಿ. ಮೇಜಿನಾಚೆ ರಾಣಿಯವರು, ಪೂರ್ತಿ ಮುಖ ನಮ್ಮ ಕಡೆ. ದೂರಿದ್ದದ್ದು ಮಗನ ಪಾತ್ರದವನಿಗೆ. ಅವನು ರಂಗಭೂಮಿಯಿಂದ ಬಂದವನು. ಅಲ್ಲಿ ಕೊನೆಯ ಸಾಲಿನವರಿಗೂ ಮೂಗು ಕಾಣುವ ಹಾಗೆ ನಿಲ್ಲುವುದು ಅಭ್ಯಾಸ.

“ಅಕ್ಕಾ, ಆರು ನಿಮಿಷ ನನ್ನ ಬೆನ್ನೇ ಕಾಣೋದಾದ್ರೆ ನಾನ್ಯಾಕೆ ಬೇಕು? ಒಂದು ಕೋಟು ತಗಲಿ ಹಾಕಿ, ಸಾಕು.”

ಕ್ಯಾಮೆರಾದವರು ಸ್ಟೂಲಿನ ಮೇಲೆ ಕೂತು ಎಲ್ಲ ನೋಡಿದರು, ತುಟಿ ಪಿಟಕ್ಕೆನ್ನಲಿಲ್ಲ. ಅವರಿಗೆ ಮೌನಿ ಎಂದು ಸುಮ್ಮನೆ ಹೆಸರಿಟ್ಟಿಲ್ಲ.

ಮೇಜು ಸುತ್ತಿ ಬರುವವನು ಮಗ ಎಂದು ಇಟ್ಟುಕೊಂಡೆ. ತಪ್ಪು ಮಾಡಿದವನು ಅವನು, ಬರಬೇಕಾದವನೂ ಅವನೇ. ಹದಿನಾಲ್ಕು ಸಲ ಮಾಡಿಸಿದೆ. ಎಲ್ಲರೂ ಗುರುತಿನ ಮೇಲೆ ಸರಿಯಾಗಿ ನಿಂತರು. ಏನೂ ಆಗಲಿಲ್ಲ.

ಮಾರ್ಚ್ ೭, ಶುಕ್ರವಾರ

ಇಪ್ಪತ್ತೊಂದು ಸಲ. ಇಲ್ಲ.

ಮಗ ಮೇಜು ಸುತ್ತಿ ಬರುತ್ತಾನೆ, ತಾಯಿ ಅಪ್ಪಿಕೊಳ್ಳುತ್ತಾಳೆ. ಬಸ್ ನಿಲ್ದಾಣದಲ್ಲಿ ನೆಂಟರನ್ನು ಎದುರುಗೊಂಡ ಹಾಗಿದೆ. ನಾಳೆ ಮತ್ತೆ ಮಾಡುತ್ತೇನೆ. ಬಿಡುವುದಿಲ್ಲ.

ಮಾರ್ಚ್ ೮, ಶನಿವಾರ

ತಾಲೀಮಿನಿಂದ ಬಂದವಳೇ ಊಟದ ಮೇಜಿನ ಮೇಲೆ ಅಂಗಡಿ ಹೂಡಿದೆ. ಉಪ್ಪಿನ ಡಬ್ಬಿ ರಾಣಿಯವರು, ಬೆಂಕಿಪೊಟ್ಟಣ ಮಗ, ನಡುವೆ ಇಸ್ತ್ರಿ ಮೇಜಾಗಿ ಲಟ್ಟಣಿಗೆ. ಬೆಂಕಿಪೊಟ್ಟಣವನ್ನು ಸುತ್ತಿಸಿ ಸುತ್ತಿಸಿ ಒಲೆ ಹಚ್ಚುವುದಕ್ಕೂ ಸಿಗದ ಹಾಗೆ ಮಾಡಿದ್ದೆ.

ಅತ್ತೆ ಬಂದು ನಿಂತರು. “ನಿಮ್ಮ ರಾಣಿಯವರನ್ನ ಒಂದು ನಿಮಿಷ ತಗೊಳ್ಲಾ? ಸಾರಿಗೆ ಉಪ್ಪು ಹಾಕಿಲ್ಲ.”

ತೆಗೆದುಕೊಂಡು ಹೋದವರು ವಾಪಸ್ ತಂದು ಡಬ್ಬಿಯನ್ನು ಅದರ ಜಾಗದಲ್ಲಿಡಲಿಲ್ಲ. ಲಟ್ಟಣಿಗೆಯ ಸುತ್ತ ತಂದು ಬೆಂಕಿಪೊಟ್ಟಣದ ಪಕ್ಕಕ್ಕೆ ಇಟ್ಟರು.

“ಅಲ್ಲಲ್ಲ, ಅದು ಇಲ್ಲಿ. ಅವನು ಬರ್ತಾನೆ ಇವಳ ಹತ್ತಿರ.”

“ಬರಲ್ಲ ಕಣೆ.”

“ಯಾಕೆ ಬರಲ್ಲ?”

“ಬಾಗಿಲ ತನಕ ಬಂದಿದ್ದೇ ಅವನ ಕೈಲಾಗಿದ್ದು. ಅಲ್ಲಿ ಬಂದ ಮೇಲೆ ಕಾಲು ನೆಲಕ್ಕೆ ಅಂಟಿಕೊಂಡುಬಿಡುತ್ತೆ, ಏನು ಮಾಡಿದ್ರೂ ಬಿಡಲ್ಲ. ಇನ್ನು ನಡೀಬೇಕಾದೋಳು ಇವಳೇ.”

“ತಪ್ಪು ಮಾಡಿದ್ದು ಅವನು, ನಡೀಬೇಕಾದೋಳು ಇವಳಾ? ಇದ್ಯಾವ ನ್ಯಾಯ?”

“ನ್ಯಾಯ ಅಂತ ನಾನೆಲ್ಲಿ ಹೇಳ್ದೆ?” ಎಂದು ಒಲೆಯ ಕಡೆ ತಿರುಗಿಕೊಂಡರು. ಉಳಿದದ್ದನ್ನು ಒಲೆಗೆ ಹೇಳಿದರು. “ಹೋಗೋದೋ ಬಿಡೋದೋ ಅಂತ ಅವಳು ಒಬ್ಬಳೇ ನಿರ್ಧಾರ ಮಾಡ್ಬೇಕು. ಅವನಿಗೆ ಆ ಕಷ್ಟ ಇಲ್ಲ.”

ಸರಿಯಾಗಿ ಹೇಳಿದರು. ಮೂರು ದಿನದಿಂದ ನಾಲ್ಕು ಜನ ಸೇರಿ ಕಾಣದ್ದು ಸಾರಿಗೆ ಉಪ್ಪು ಹಾಕಲು ಬಂದವರಿಗೆ ಕಂಡಿತು. ಖುಷಿಯಾಗಬೇಕಿತ್ತು. ಖುಷಿಯೂ ಆಯಿತು. ಆದರೆ ಅತ್ತೆ ಹೇಳಿದ್ದು ಉಪ್ಪಿನ ಡಬ್ಬಿಯ ವಿಷಯವನ್ನೋ, ಹದಿನಾರನೇ ತಾರೀಕಿನ ವಿಷಯವನ್ನೋ? ಊಟ ರುಚಿಸಲಿಲ್ಲ. ಸಾರಿಗೆ ಉಪ್ಪು ಜಾಸ್ತಿಯಾಗಿತ್ತು.

ಮಾರ್ಚ್ ೯, ಭಾನುವಾರ

ಮೇಷ್ಟ್ರನ್ನು ನೋಡಿ ಬಂದೆ. ಮೇಜು ಯಾರು ಸುತ್ತಬೇಕು ಎಂದು ನೀವೇಕೆ ಬರೆಯಲಿಲ್ಲ ಎಂದು ಕೇಳಿದೆ. “ಗೊತ್ತಿದ್ರೆ ಬರೀತಿರ್ಲಿಲ್ವೇನೇ?” ಎಂದು ರೇಗಿದರು. ಹತ್ತೊಂಬತ್ತು ವರ್ಷ ಈ ಮನುಷ್ಯನಿಗೆ ಎಲ್ಲ ಗೊತ್ತಿದೆ ಎಂದುಕೊಂಡಿದ್ದೆ.

ಮನೆಗೆ ಬಂದರೆ ಅತ್ತೆ ಚೀಲಕ್ಕೆ ಬಟ್ಟೆ ತುಂಬುತ್ತಿದ್ದರು. ಇನ್ನೂ ಒಂದು ವಾರವಿದೆ. ಅಷ್ಟು ಅವಸರವೇ? ಮಡಿಸಿ ಇಟ್ಟಿದ್ದನ್ನು ತೆಗೆದು ಮತ್ತೆ ಮಡಿಸುತ್ತಿದ್ದರು. ನನ್ನ ಹಳೆಯ ಸ್ವೆಟರನ್ನೂ ತುಂಬಿದ್ದರು. ಅದು ನನ್ನದು ಎಂದು ಹೇಳಲಿಲ್ಲ. ಅಲ್ಲಿ ಚಳಿ ಹೇಗಿದೆಯೋ.

ಮಾರ್ಚ್ ೧೦, ಸೋಮವಾರ

ತಾಯಿಯೇ ಮೇಜು ಸುತ್ತುತ್ತಾಳೆ ಎಂದೆ. ರಾಣಿಯವರು ಮೂಗು ಮುರಿದರು. “ನಾನ್ಯಾಕೆ ಹೋಗ್ಲಿ?” ಅತ್ತೆ ಹೇಳಿದ್ದನ್ನೇ ಹೇಳಿದೆ, ನನ್ನದೆಂಬ ಹಾಗೆ. ಅವರು ಸ್ವಲ್ಪ ಹೊತ್ತು ಕೈಯಲ್ಲಿದ್ದ ಅಂಗಿಯ ಗುಂಡಿ ತಿರುವುತ್ತಾ ನಿಂತು, ಸರಿ ಮಾಡೋಣ ಎಂದರು.

ಮಾಡಿದರು. ಗೋದಾಮಿನಲ್ಲಿ ಲೆಕ್ಕ ಬರೆಯುತ್ತಿದ್ದವರು ಪೆನ್ನು ಹಿಡಿದುಕೊಂಡೇ ಬಂದು ನಿಂತು ನೋಡಿದರು. ಮೌನಿ ತಲೆಯಾಡಿಸಿದರು. ಆರು ಸಲ ಮಾಡಿಸಿ ಅಲ್ಲಿಗೇ ನಿಲ್ಲಿಸಿದೆ. ಹೆಜ್ಜೆಗಳು ಅವರ ಕಾಲಿಗೆ ಬಂದುಬಿಟ್ಟಿವೆ, ಇನ್ನು ತಲೆ ಅಡ್ಡ ಬರದಿದ್ದರೆ ಸಾಕು. ಗೆದ್ದೆ ಎಂದು ದಾರಿಯುದ್ದಕ್ಕೂ ಗುನುಗಿಕೊಂಡು ಬಂದೆ.

ಮಾರ್ಚ್ ೧೧, ಮಂಗಳವಾರ

ಎಲ್ಲವನ್ನೂ ಬರೆದಿಡಬೇಕು, ನನ್ನ ಪೆದ್ದುತನವನ್ನೂ.

ಮಧ್ಯಾಹ್ನ ಎಲ್ಲರೂ ಸೆಟ್ ನೋಡಲು ಸ್ಟುಡಿಯೋಕ್ಕೆ ಹೋದೆವು. ಅಂಗಡಿ ಚೆನ್ನಾಗಿ ಬಂದಿದೆ. ಗೋಡೆಯ ಮೇಲೆ ಹಬೆಯ ಕಲೆ ಕೂಡ ಬರೆದಿದ್ದಾರೆ. ನಾನು ಟೇಪು ಹಿಡಿದು ಒಳಗೆ ಹೋಗಿ ಹಳದಿ ಗುರುತು ಹಾಕಲು ಬಗ್ಗಿದೆ. ಬಗ್ಗಿದಲ್ಲೇ ಇದ್ದೆ.

ಮೌನಿ ಈ ಸಿನಿಮಾದಲ್ಲಿ ಆಡಿದ ಅತಿ ಉದ್ದದ ಮಾತು ಆಗಲೇ ಬಂತು. “ಬಾಗಿಲು ಆ ಕಡೆ ಇದೆ.”

ಹೌದು. ಕ್ಯಾಮೆರಾ ಇಡಲು ತೆರೆದುಬಿಟ್ಟಿರುವುದು ಒಂದು ಕಡೆ, ಬಾಗಿಲು ಅದಕ್ಕೆ ನೇರ ಎದುರಿನ ಗೋಡೆಯಲ್ಲಿ. ನಾವು ನಕ್ಷೆ ಬರೆದರೆ ಕ್ಯಾಮೆರಾ ಇರುವ ಕಡೆಯನ್ನು ಕಾಗದದ ಕೆಳಗೆ ಬರೆಯುತ್ತೇವೆ. ಬಡಗಿಗಳು ಬಾಗಿಲನ್ನು ಕೆಳಗೆ ಬರೆಯುತ್ತಾರೆ, ಕಟ್ಟಲು ಶುರು ಮಾಡುವುದೇ ಅಲ್ಲಿಂದ ಎಂದು. ಇದು ಹತ್ತೊಂಬತ್ತು ವರ್ಷದಿಂದ ನನಗೆ ಗೊತ್ತು. ಅದಕ್ಕೇ ಪ್ರತಿ ಸಲ ಫೋನ್ ಮಾಡುತ್ತಿದ್ದೆ. ನಿರ್ದೇಶಕಿಯಾದ ಒಂದೇ ಸಲ ಮಾಡಲಿಲ್ಲ.

ಕ್ಯಾಮೆರಾವನ್ನು ಬಾಗಿಲಾಚೆ ಇಡೋಣವೆಂದರೆ ಅಲ್ಲಿ ಮೂರು ಗೇಣು ಬಿಟ್ಟು ಸ್ಟುಡಿಯೋದ ಕಲ್ಲುಗೋಡೆ. ಅಂದರೆ ನಾಳೆ ಇದೇ ಹೆಜ್ಜೆಗಳನ್ನು ಇಟ್ಟರೆ ಕ್ಯಾಮೆರಾಕ್ಕೆ ಎದುರಾಗಿ ಕಾಣುವುದು ಬಾಗಿಲಲ್ಲಿ ನಿಂತ ಮಗನ ಮುಖ. ಮೇಜಿನ ಈಚೆ ಕಡೆ, ನಮ್ಮ ಹತ್ತಿರ, ರಾಣಿಯವರ ಬೆನ್ನು.

ರಂಗಭೂಮಿಯವನಿಗೆ ಮೊದಲು ಅರ್ಥವಾಯಿತು. ನಗು ತಡೆಯಲು ಪಾಪ ಬಹಳ ಕಷ್ಟಪಟ್ಟ.

“ಏನಾಯ್ತು?” ಎಂದರು ರಾಣಿಯವರು.

“ನಕ್ಷೆ ತಲೆಕೆಳಗಾಗಿ ಓದಿದೀನಿ. ತಪ್ಪು ನನ್ನದೇ, ಬೇರೆ ಯಾರದ್ದೂ ಅಲ್ಲ,” ಎಂದು ಎಲ್ಲರೆದುರಿಗೆ ಹೇಳಿದೆ.

ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಕೈಚೀಲ ಹೆಗಲಿಗೆ ಹಾಕಿಕೊಂಡರು. “ಹದಿಮೂರಕ್ಕೆ ಬರೋ ನಿರ್ದೇಶಕರು ಮುಖ ತೆಗೀತಾರಂತಲ್ಲ. ಅವರ ಹತ್ರವೇ ಮಾಡ್ತೀನಿ ಬಿಡು.”

ಆಗ ನನಗೆ ಭಯ ಆಗಲಿಲ್ಲ. ಸಿಟ್ಟು ಬಂತು. ಅವರ ಮೇಲಲ್ಲ. ಆ ಬೆನ್ನು ಸರಿಯಾಗಿದೆ ಎಂದು ನನಗೆ ಅನ್ನಿಸುತ್ತಿತ್ತು, ಅದನ್ನು ಹೇಳಲು ಮಾತು ಸಿಗುತ್ತಿರಲಿಲ್ಲ, ಅದಕ್ಕೆ ಸಿಟ್ಟು. “ಐದು ನಿಮಿಷ ಕೊಡಿ ಅಮ್ಮಾವ್ರೇ,” ಎಂದೆ. “ಹೋಗೋದಾದ್ರೆ ಆಮೇಲೆ ಹೋಗಿ, ನಾನು ತಡೆಯಲ್ಲ. ಒಂದ್ಸಲ ಈ ಸ್ಟೂಲ್ ಮೇಲೆ ಕೂತ್ಕೊಳ್ಳಿ.”

ಮೌನಿಯ ಸ್ಟೂಲನ್ನು ಕ್ಯಾಮೆರಾದ ಜಾಗದಲ್ಲಿಟ್ಟು ಅವರನ್ನು ಕೂರಿಸಿದೆ. ನಾನು ಹೋಗಿ ಕೆಂಪು ಗುರುತು ಬೀಳಬೇಕಾದ ಜಾಗದಲ್ಲಿ ಅವರಿಗೆ ಬೆನ್ನು ಮಾಡಿ ನಿಂತು ಇಸ್ತ್ರಿ ಪೆಟ್ಟಿಗೆ ಹಿಡಿದೆ. ಬಾಗಿಲಲ್ಲಿ ರಂಗಭೂಮಿಯವನು, “ಅಮ್ಮಾ,” ಎಂದ.

“ಅಂಗಡಿ ಮುಚ್ಚೋ ಹೊತ್ತು. ಬಟ್ಟೆ ಇದ್ರೆ ನಾಳೆ ತನ್ನಿ.” ಇದು ತಾಯಿಯ ಮೊದಲ ಮಾತು, ಮಗನನ್ನು ಗಿರಾಕಿಯೆಂಬಂತೆ ನೋಡಿ ಹೇಳುವುದು.

ನನಗೆ ನಟನೆ ಬರುವುದಿಲ್ಲ. ಬಂದಿದ್ದರೆ ನೆಲಕ್ಕೆ ಟೇಪು ಅಂಟಿಸುತ್ತಿರಲಿಲ್ಲ. ಅತ್ತೆ ಆವತ್ತು ನಲ್ಲಿಯ ಮುಂದೆ ನಿಂತದ್ದು ನೆನಪಾಯಿತು. ನಾನು ಸರಿ ಎಂದಿದ್ದೆ, ಅವರು ತೊಳೆದ ತಟ್ಟೆಯನ್ನೇ ತೊಳೆದಿದ್ದರು. ನಾನು ಇಸ್ತ್ರಿ ಮಾಡಿದ ಅಂಗಿಯ ತೋಳಿನ ಮೇಲೆಯೇ ಮತ್ತೆ ಪೆಟ್ಟಿಗೆ ಎಳೆದೆ. ಇನ್ನೊಂದು ಸಲ ಎಳೆದೆ. ಅಷ್ಟೇ ಮಾಡಿದ್ದು.

ಹಿಂದೆ ಸದ್ದಿಲ್ಲ. ಎದ್ದು ಹೋಗಿರಬೇಕು ಎಂದುಕೊಂಡು ತಿರುಗಿದೆ. ರಾಣಿಯವರು ಸ್ಟೂಲಿನ ತುದಿಗೆ ಬಂದು ಕೂತಿದ್ದರು.

“ಈಗ ನಿನ್ನ ಮುಖ ಹೆಂಗಿತ್ತೇ?”

“ಗೊತ್ತಿಲ್ಲ.”

“ನನಗೂ ಗೊತ್ತಾಗ್ಲಿಲ್ಲ. ಎದ್ದು ಬಂದು ನೋಡ್ಬೇಕು ಅನ್ನಿಸ್ತು.” ಕೈಚೀಲ ಇಳಿಸಿದರು. “ನನ್ನ ಮುಖ ಯಾವಾಗ ಕಾಣುತ್ತೆ?”

“ನೀವು ಮೇಜು ಸುತ್ತಿ ಅವನ ಹತ್ರ ಹೋಗಿ, ಅವನ ಚೀಲ ತಗೊಂಡು ಒಳಗೆ ತಿರುಗ್ತೀರಲ್ಲ, ಆವಾಗ. ಐದನೇ ನಿಮಿಷಕ್ಕೆ. ಅಲ್ಲಿ ತನಕ ಜನ ಕಾಯ್ತಾರೆ.”

“ಕಾಯ್ದೇ ಇದ್ರೆ?”

“ಕಾಯ್ತಾರೆ.”

“ಬೆನ್ನಲ್ಲಿ ಅಳು ಅಂತ ನಲವತ್ತು ವರ್ಷದಲ್ಲಿ ನನಗೆ ಯಾರೂ ಹೇಳಿರ್ಲಿಲ್ಲ,” ಎಂದು ಗೊಣಗುತ್ತಾ ಎದ್ದು ಬಂದರು. “ಪೆಟ್ಟಿಗೆ ಕೊಡು ಇಲ್ಲಿ.”

ಮಾರ್ಚ್ ೧೨, ಬುಧವಾರ

ಬೆಳಿಗ್ಗೆ ಹೊರಡುವಾಗ ಅತ್ತೆ ಮೆಟ್ಟಿಲ ತನಕ ಬಂದು, “ಹೊಟ್ಟೆಗೆ ಏನಾದ್ರೂ ಹಾಕ್ಕೊಂಡು ಕೂಗಾಡು, ಬರೀ ಹೊಟ್ಟೇಲಿ ಕೂಗಾಡ್ಬೇಡ,” ಎಂದರು. ಡಬ್ಬಿ ಕೊಟ್ಟರು. ಆ ಮೆಟ್ಟಿಲ ಮೇಲೆ ಅವರು ನಿಂತಿದ್ದು ನಾಲ್ಕು ವರ್ಷದಲ್ಲಿ ಮೊದಲ ಸಲವೋ, ನಾನು ತಿರುಗಿ ನೋಡಿದ್ದು ಮೊದಲ ಸಲವೋ.

ಮೊದಲ ಟೇಕ್ ಹಾಳು. ರಂಗಭೂಮಿಯವನಿಗೆ ಮುಖ ಸಿಕ್ಕಿದ್ದೇ ತಡ, ಹುಬ್ಬು, ಮೂಗು, ಗಲ್ಲ ಎಲ್ಲವನ್ನೂ ದುಡಿಸಿಬಿಟ್ಟ. ಎರಡನೆಯದೂ ಹಾಗೇ. ಏನೂ ಮಾಡಬೇಡ ಎಂದರೆ ಏನೂ ಮಾಡದಿರುವುದನ್ನು ಬಹಳ ಜೋರಾಗಿ ಮಾಡಿದ. ಮೂರನೆಯದಕ್ಕೆ ಮುಂಚೆ ಅವನ ಚಪ್ಪಲಿಯ ಅಡಿಗೆ ಎರಡೂ ಕಡೆ ಅಂಟುವ ಟೇಪು ಹಾಕಿ ನೀಲಿ ಗುರುತಿನ ಮೇಲೆ ಒತ್ತಿ ನಿಲ್ಲಿಸಿದೆ.

“ಇದೇನಕ್ಕಾ?”

“ಆರು ನಿಮಿಷ ಒಳಗೆ ಬರೋಕೆ ನೋಡು. ಬರ್ಬೇಡ. ಬರೋಕೆ ನೋಡು, ಅಷ್ಟೇ.”

ಕಾಲು ಬಿಡಿಸಿಕೊಳ್ಳುವುದರಲ್ಲೇ ಅವನ ಗಮನವೆಲ್ಲ ಹೋಯಿತು. ಮುಖ ತನ್ನಷ್ಟಕ್ಕೆ ತಾನು ಸುಮ್ಮನಾಯಿತು. ಒಳಗೆ ಬರಲಾರದವನ ಮುಖ ಅದೇ.

ಮೂರು, ನಾಲ್ಕು, ಐದು ಬೇರೆ ಬೇರೆ ಕಾರಣಕ್ಕೆ ಹೋದವು. ಕ್ಯಾಮೆರಾದ ಗಾಲಿ ಕಿರುಗುಟ್ಟಿತು. ದೀಪ ಹೋಯಿತು. ಒಮ್ಮೆ ರಾಣಿಯವರ ಅಭ್ಯಾಸ ಅವರನ್ನೂ ಮೀರಿ ಕತ್ತನ್ನು ನಮ್ಮ ಕಡೆ ತಿರುಗಿಸಿತು. ಅವರೇ ನಾಲಿಗೆ ಕಚ್ಚಿಕೊಂಡು, “ನಂದೇ ತಪ್ಪು,” ಎಂದರು. ನಾಲ್ಕು ಗಂಟೆಗೆ ನಿರ್ಮಾಪಕರ ಶೂಗಳ ಸದ್ದು ಕೇಳಿಸಿತು. ನಾನು ತಿರುಗಲಿಲ್ಲ. ಕುರ್ಚಿ ಬೇಕೇ ಎಂದು ಯಾರೋ ಕೇಳಿದರು. ನಿರ್ಮಾಪಕರು ಬೇಡ ಎಂದು ನನ್ನ ಹಿಂದೆ ನಿಂತುಕೊಂಡರು.

ಆರನೇ ಟೇಕ್.

ಮಗ ಬಂದು ನಿಂತ. ಅಮ್ಮಾ ಎಂದ. ಬೆನ್ನು ಅಲ್ಲಾಡಲಿಲ್ಲ. “ಬಟ್ಟೆ ಇದ್ರೆ ನಾಳೆ ತನ್ನಿ.” ಪೆಟ್ಟಿಗೆ ಅಂಗಿಯ ಮೇಲೆ ನಿಂತಿತು, ನಿಂತೇ ಇತ್ತು, ಸಣ್ಣಗೆ ಹೊಗೆ ಎದ್ದಿತು. ನಿಜವಾದ ಹೊಗೆ. ಅದನ್ನು ಯಾರೂ ಬರೆದಿರಲಿಲ್ಲ. ಪೆಟ್ಟಿಗೆ ಎತ್ತಿಟ್ಟು ರಾಣಿಯವರು ನಡೆಯಲು ಶುರು ಮಾಡಿದರು. ಮೇಜಿನ ಮೂಲೆಗೆ ಬಂದವರು ಅಲ್ಲಿ ಕೈಯೂರಿ ನಿಂತುಬಿಟ್ಟರು. ಅಲ್ಲಿ ನನ್ನ ಗುರುತಿಲ್ಲ. ಯಾವ ಬಣ್ಣದ್ದೂ ಇಲ್ಲ. ಒಂದು, ಎರಡು, ಹತ್ತು ಎಣಿಸಿದೆ. ನಿರ್ಮಾಪಕರು ಉಸಿರೆಳೆದದ್ದು ಕೇಳಿಸಿತು. ಕಟ್ ಎನ್ನಲು ಬಾಯಿ ತೆರೆದೆ, ಕೈಯಿಂದ ಮುಚ್ಚಿಕೊಂಡೆ. ಆಮೇಲೆ ಅವರು ನಡೆದು ಹೋಗಿ ಮಗನ ಕೈಯಿಂದ ಚೀಲ ತೆಗೆದುಕೊಂಡು ಒಳಗೆ ತಿರುಗಿದರು. ಆ ಮುಖವನ್ನು ಇಲ್ಲಿ ಬರೆಯುವುದಿಲ್ಲ. ನನ್ನ ಕೈಯಲ್ಲಿ ಆಗುವುದಿಲ್ಲ.

ಕಟ್ ಎಂದೆನಂತೆ. ಯಾರೋ ಆಮೇಲೆ ಹೇಳಿದರು.

ನಿರ್ಮಾಪಕರು ಕನ್ನಡಕ ತೆಗೆದು ಒರೆಸಿಕೊಂಡು, “ಆ ನಿರ್ದೇಶಕರಿಗೆ ನಾಳೆ ಬರೋದು ಬೇಡ ಅಂತ ಹೇಳ್ತೀನಿ,” ಎಂದು ಹೋದರು. ಹೋಗುವಾಗ ನನ್ನನ್ನು ಟೇಪಮ್ಮ ಎನ್ನಲಿಲ್ಲ, ಹೆಸರು ಹಿಡಿದು ಕರೆದರು. ಹತ್ತೊಂಬತ್ತು ವರ್ಷದಲ್ಲಿ ಅವರಿಗೆ ನನ್ನ ಹೆಸರು ಗೊತ್ತಿದೆಯೆಂದೇ ನನಗೆ ಗೊತ್ತಿರಲಿಲ್ಲ.

ರಾಣಿಯವರು ಮುಖ ತೊಳೆಯುತ್ತಿದ್ದರು. “ಮೂಲೇಲಿ ಯಾಕೆ ನಿಂತ್ರಿ ಅಮ್ಮಾವ್ರೇ?”

“ಅಲ್ಲಿಂದ ವಾಪಸ್ ಬರೋಕೂ ಆಗ್ತಿತ್ತಲ್ಲ, ಅದಕ್ಕೆ,” ಎಂದರು.

ಮಾರ್ಚ್ ೧೪, ಶುಕ್ರವಾರ

ಮೇಷ್ಟ್ರಿಗೆ ಎಲ್ಲ ಹೇಳಿದೆ. ನಕ್ಷೆಯ ವಿಷಯ ಕೇಳಿ ಸೊಂಟ ನೋಯುವಷ್ಟು ನಕ್ಕು, ಆಮೇಲೆ ನನ್ನನ್ನೇ ಬೈದರು.

ಕೆಲಸವಿಲ್ಲದ ದಿನ. ಮನೆಯಲ್ಲಿ ಸುಮ್ಮನೆ ಓಡಾಡಿದೆ. ಒಳಕೋಣೆಯಲ್ಲಿ ನಿಂತು ನಕ್ಷೆಯ ಹಲಗೆ ಎಲ್ಲಿಡಬಹುದು ಎಂದು ಅಳೆದೆ. ಯಾವ ಕಡೆ ಇಟ್ಟರೂ ಅಲ್ಲಿ ಬೆಳಕು ಸರಿಯಿಲ್ಲ. ಆ ಕೋಣೆ ನನಗೆ ಪ್ರಯೋಜನವಿಲ್ಲ.

ಮಾರ್ಚ್ ೧೬, ಭಾನುವಾರ

ಬೆಳಿಗ್ಗೆಯಿಂದ ಅತ್ತೆ ಮೇಜಿನ ಮುಂದೆ ತಮ್ಮ ಕುರ್ಚಿಯಲ್ಲೇ ಕೂತಿದ್ದರು, ಕಾಲ ಬಳಿ ಚೀಲ. ನಾನು ನನ್ನ ಕುರ್ಚಿಯಲ್ಲಿ, ನಿನ್ನೆಯ ಪತ್ರಿಕೆ ಹಿಡಿದು. ಹೋಗಬೇಡಿ ಎಂದು ಹೇಳಬೇಕು ಎಂದು ನಿನ್ನೆಯೇ ಗಟ್ಟಿ ಮಾಡಿಕೊಂಡಿದ್ದೆ. ಬೇರೆಯವರಿಗೆ ಎಲ್ಲಿ ನಿಲ್ಲಬೇಕೆಂದು ದಿನವಿಡೀ ಹೇಳುವ ಬಾಯಿಗೆ ಅದೊಂದು ಮಾತು ಬರಲಿಲ್ಲ. ಹೇಳುವ ಹಕ್ಕು ನನಗೇನಿದೆ? ಅವರ ಮಗ, ಅವರ ಮೊಮ್ಮಗು. ಆದರೂ ಹೋಗುವುದು ಬೇಡವಾಗಿತ್ತು. ಬೇಡವೇ ಬೇಡವಾಗಿತ್ತು.

ಹನ್ನೊಂದಕ್ಕೆ ಬಂದ. ಮೈ ತುಂಬಿಕೊಂಡಿದ್ದಾನೆ, ತಲೆಗೂದಲು ಕಮ್ಮಿಯಾಗಿದೆ. ಬಾಗಿಲಲ್ಲಿ ನಿಂತ. ಹೊಸ್ತಿಲ ಮೇಲೆ ಚಪ್ಪಲಿ ಬಿಡಲೋ ಬೇಡವೋ ಎಂದು ಕಾಲಾಡಿಸಿದ. ಯಾರೂ ಟೇಪು ಹಾಕಿರಲಿಲ್ಲ, ಆದರೂ ಅಂಟಿಕೊಂಡಿದ್ದ.

“ಅಮ್ಮಾ. ಗಾಡಿ ಕೆಳಗೆ ನಿಲ್ಸಿದೀನಿ.”

ಅತ್ತೆ ಚೀಲ ತೆಗೆದುಕೊಂಡು ಎದ್ದರು. ನಾನು ಪತ್ರಿಕೆಯಿಂದ ಕಣ್ಣು ತೆಗೆಯಲಿಲ್ಲ, ತೆಗೆದರೆ ಕಷ್ಟವಾಗುತ್ತಿತ್ತು. ಆದರೆ ಅವರ ಕೈ ಕಂಡಿತು. ಮೇಜಿನ ಮೂಲೆಯ ಮೇಲೆ ಊರಿದ್ದರು. ಅಲ್ಲಿಂದ ಬಾಗಿಲಿಗೆ ಎರಡು ಹೆಜ್ಜೆ, ಈ ಕಡೆಗೆ ನಾಲ್ಕು. ಇಬ್ಬರ ಮುಖಕ್ಕೂ ಬೆನ್ನಾಗದ ಹಾಗೆ, ಅಡ್ಡವಾಗಿ ನಿಂತಿದ್ದರು. ಎಷ್ಟು ಹೊತ್ತೋ, ನಾನು ಎಣಿಸಲಿಲ್ಲ.

ಆಮೇಲೆ ಮೇಜು ಸುತ್ತಿ ಈ ಕಡೆ ಬಂದರು. ಮೂರನೇ ಕುರ್ಚಿಯ ಮೇಲಿನ ಕಾಗದಗಳನ್ನೆಲ್ಲ ಎರಡೂ ಕೈಯಲ್ಲಿ ಎತ್ತಿ ನೆಲಕ್ಕಿಟ್ಟರು. ಟೇಪಿನ ಡಬ್ಬಿಯನ್ನು ನನ್ನ ಮಡಿಲಿಗೆ ಹಾಕಿದರು. ಕುರ್ಚಿ ಎಳೆದು ನನ್ನ ಪಕ್ಕ ಕೂತರು, ಚೀಲವನ್ನು ನಮ್ಮಿಬ್ಬರ ಕಾಲಿನ ನಡುವೆ ಇಟ್ಟುಕೊಂಡು. ಕೂತು ಮಗನ ಮುಖವನ್ನು ನೇರವಾಗಿ ನೋಡಿ ಹೇಳಿದರು.

“ನಿಂತೇ ಇದೀಯಲ್ಲ, ಬಾ, ಕೂತ್ಕೋ. ಅಷ್ಟು ದೂರದಿಂದ ಬಂದಿದೀಯ, ಊಟ ಮಾಡ್ಕೊಂಡು ಹೋಗು. ಮಗುನ ಒಂದ್ಸಲ ಕರ್ಕೊಂಡು ಬಾ, ನೋಡ್ಬೇಕು.”

ಅವನು ನನ್ನನ್ನು ನೋಡಿದ, ತಾಯಿಯನ್ನು ನೋಡಿದ. ಚಪ್ಪಲಿ ಬಿಟ್ಟು ಒಳಗೆ ಬಂದು, ಎದುರಿಗೆ ಖಾಲಿಯಿದ್ದ ಕುರ್ಚಿಯಲ್ಲಿ ಕೂತ. ಬಂದವರು ಕೂರುವ ಹಾಗೆ, ಮುಂದಿನ ಅರ್ಧದಲ್ಲಿ.

ನಾನು ಎದ್ದೆ. ಕಣ್ಣು ಒರೆಸಿಕೊಂಡಿದ್ದು ಅವನಿಗೆ ಕಂಡಿತೋ ಏನೋ, ಕಂಡರೆ ಕಾಣಲಿ. “ಅಮ್ಮಾ, ಮೂರು ತಟ್ಟೆ ಹಾಕ್ಲಾ?” ಎಂದೆ.

“ಮತ್ತಿನ್ನೆಷ್ಟು?” ಎಂದರು.

ಊಟ ಮಾಡಿ ಹೋದ. ಅಮ್ಮ ಚೀಲದಿಂದ ಬಟ್ಟೆ ತೆಗೆದು ಒಳಗಿಟ್ಟು ಬಂದು, ಮಧ್ಯಾಹ್ನದ ಚಹಾಕ್ಕೂ ಅದೇ ಕುರ್ಚಿಯಲ್ಲಿ ಕೂತರು. ಸ್ವೆಟರನ್ನು ನನ್ನ ಹೆಗಲಿಗೆ ಎಸೆದು, ತೋಳು ಬಿಚ್ಚಿಹೋಗಿತ್ತು, ಹೊಲೆದಿದ್ದೇನೆ ಎಂದರು. ನನ್ನ ಕಾಗದಗಳು ಇನ್ನೂ ನೆಲದ ಮೇಲೇ ಇವೆ. ನಾಳೆ ಅವಕ್ಕೆ ಬೇರೆ ಜಾಗ ನೋಡಬೇಕು.